ಮದುವೆಯ ದಿನ ಮಳೆ ಬಂದರೆ?



ಹಸಿ ಅಕ್ಕಿ ಬಾಯಿಗೆ ಹಾಕಿಕೊಳ್ಳುವ ಹೆಣ್ಣುಮಕ್ಕಳನ್ನು ಕಂಡರೆ ನಮ್ಮ ಅಜ್ಜಿಯರು ಒಂದು ಮಾತು ಹೇಳುತ್ತಿದ್ದರು: "ಅಕ್ಕಿ ತಿನ್ನಬೇಡವೇ, ನಿನ್ನ ಮದುವೆ ದಿನ ಮಳೆ ಬಂದೀತು!" ಅಕ್ಕಿಗೂ ಮಳೆಗೂ ಏನು ನಂಟೋ ದೇವರೇ ಬಲ್ಲರು. ಮಗು ಹೆದರಿ ಕೈಯಲ್ಲಿದ್ದ ಅಕ್ಕಿಯನ್ನು ಮೊರಕ್ಕೆ ಸುರಿಯುತ್ತಿತ್ತು, ಅಷ್ಟೇ. ಆದರೆ ಈ ಮಾತಿನ ಹಿಂದೆ ನಿಜವಾದ ಒಂದು ಭಯವಿದೆ. ವರ್ಷಗಟ್ಟಲೆ ಕೂಡಿಟ್ಟ ಹಣ, ತಿಂಗಳುಗಟ್ಟಲೆ ಮಾಡಿದ ಓಡಾಟ, ನೂರಾರು ಜನರಿಗೆ ಕೊಟ್ಟ ಕರೆಯೋಲೆ, ಎಲ್ಲವೂ ಅರ್ಧ ಗಂಟೆಯ ಮಳೆಯಲ್ಲಿ ಕೊಚ್ಚಿಹೋಗಬಹುದೆಂಬ ಭಯ. ಭಯವಿದ್ದಲ್ಲಿ ದಾರಿಗಳು ಎರಡು. ಆ ವಿಷಯವನ್ನೇ ಎತ್ತದೆ ಇದ್ದುಬಿಡುವುದು ಒಂದು. ಅದನ್ನು ಎದುರಿಗಿಟ್ಟುಕೊಂಡು ಸಿದ್ಧರಾಗುವುದು ಇನ್ನೊಂದು. ನಮ್ಮಲ್ಲಿ ಹೆಚ್ಚಿನವರು ಹಿಡಿಯುವುದು ಮೊದಲನೆಯದನ್ನು. ನಾನೂ ಒಮ್ಮೆ ಅದನ್ನೇ ಹಿಡಿದಿದ್ದೆ. ಅದರಿಂದ ಏನಾಯಿತೆಂಬುದನ್ನು ಮೊದಲು ಹೇಳುತ್ತೇನೆ.

2014ರ ಮೇ ತಿಂಗಳು. ಆಗ ನಾನು ಕಾಫಿ ಸೀಮೆಯ ಒಂದು ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದೆ. ತೋಟವೊಂದರಲ್ಲಿ ರೈಟರಾಗಿದ್ದ ಒಬ್ಬರ ಮಗಳ ಮದುವೆ. ಸಂಜೆ ನಾಲ್ಕಕ್ಕೆ ದೇವಾಲಯದಲ್ಲಿ ಪೂಜೆ, ಆರಕ್ಕೆ ಪಕ್ಕದ ಶಾಲೆಯ ಮೈದಾನದಲ್ಲಿ ಶಾಮಿಯಾನದಡಿ ಆರತಕ್ಷತೆ, ಆಮೇಲೆ ಊಟ. ಮೈದಾನಕ್ಕೆ ಅಪ್ಪಣೆ ಕೇಳಲು ಮನೆಯವರೆಲ್ಲ ಬಂದಿದ್ದಾಗ ಹುಡುಗಿಯ ಅಜ್ಜಿ ಕಿಟಕಿಯಾಚೆ ನೋಡುತ್ತಾ ಕೇಳಿದರು: "ಸ್ವಾಮಿ, ಮಧ್ಯಾಹ್ನ ಕಳೆದ್ರೆ ದಿನಾ ಗುಡುಗ್ತದೆ. ಮದುವೆ ದಿನ ಮಳೆ ಬಂದ್ರೆ ಏನ್ ಮಾಡೋದು?"

ಮಗ ತಟ್ಟನೆ ಗದರಿದರು: "ಬಿಡ್ತು ಅನ್ನವ್ವ! ಶುಭಕಾರ್ಯದ ಹೊತ್ತಲ್ಲಿ ಅಂಥ ಮಾತಾಡ್ತಾರಾ?"

ಅಜ್ಜಿ "ಬಿಡ್ತು" ಎಂದು ಸುಮ್ಮನಾದರು. ಗುರುವಾದ ನಾನಾದರೂ ಆ ಪ್ರಶ್ನೆಯನ್ನು ಹಿಡಿದುಕೊಳ್ಳಬೇಕಿತ್ತು. "ಪ್ರಾರ್ಥಿಸೋಣ ಅಮ್ಮ, ದೇವರು ನೋಡಿಕೊಳ್ಳುತ್ತಾರೆ" ಎಂದು ನಾನೂ ಸಾಗಹಾಕಿದೆ.

ಮದುವೆಯ ದಿನ ಪೂಜೆ ಚೆನ್ನಾಗಿಯೇ ನಡೆಯಿತು. ಜನ ಮೈದಾನಕ್ಕೆ ಬಂದು ಕುಳಿತರು. ಆರೂಕಾಲರ ಹೊತ್ತಿಗೆ ಮೊದಲು ಗಾಳಿ ಬಂತು, ಅದರ ಹಿಂದೆಯೇ ದಪ್ಪ ಹನಿಗಳು. ಶಾಮಿಯಾನದ ಬಟ್ಟೆ ನೀರು ಕುಡಿದು ಹೊಟ್ಟೆಯಂತೆ ಜೋತುಬಿತ್ತು. ಎಲ್ಲರೂ ಶಾಲೆಯ ಕಡೆಗೆ ಓಡಿದರು. ಶಾಲೆಗೆ ಬೀಗ. ಬೀಗದ ಕೈ ರಜೆಯಲ್ಲಿ ಊರಿಗೆ ಹೋಗಿದ್ದ ಮೇಷ್ಟ್ರ ಬಳಿ. ಇನ್ನೂರು ಜನ ಕೂರಬಹುದಾದ ಸಭಾಂಗಣ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು; ಮುದುಕರೂ ಮಕ್ಕಳೂ ಅದರ ಸೂರಿನಂಚಿನಲ್ಲಿ ನೆನೆಯುತ್ತಾ ನಿಂತರು. ಅಷ್ಟರಲ್ಲಿ ಶಾಮಿಯಾನದ ಕೆಲಸಕ್ಕೆ ಬಂದಿದ್ದ ಹದಿನೆಂಟು ವರ್ಷದ ಹುಡುಗನೊಬ್ಬ, ದೀಪದ ಸರಗಳು ಹಾಳಾಗುತ್ತವೆಂದು ಅವನ್ನು ಬಿಚ್ಚಲು ಒದ್ದೆ ಏಣಿ ಹತ್ತಿದ. ಕರೆಂಟ್ ಆರಿಸಿರಲಿಲ್ಲ. ಮೇನ್ ಸ್ವಿಚ್ ಎಲ್ಲಿದೆಯೆಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಶಾಕ್ ಹೊಡೆದು ಮೇಲಿನಿಂದ ಬಿದ್ದ. ದೇವರ ದಯೆ, ಜೀವ ಉಳಿಯಿತು. ಬಲಗೈ ಎರಡು ಕಡೆ ಮುರಿಯಿತು. ವಧೂವರರ ಕಾರಿನಲ್ಲೇ ಅವನನ್ನು ಆಸ್ಪತ್ರೆಗೆ ಒಯ್ದರು. ಮುಯ್ಯಿಯಾಗಿ ಬಂದಿದ್ದ ಲಕೋಟೆಗಳನ್ನು ಮದುಮಗಳು ತಾನೇ ಒಡೆದು ಆಸ್ಪತ್ರೆಯ ಖರ್ಚಿಗೆ ಕೊಟ್ಟಳು.

ಮರುದಿನ ನಾನು ಆಸ್ಪತ್ರೆಗೆ ಹೋದಾಗ ಹುಡುಗನ ತಾಯಿ ಅಲ್ಲಿದ್ದರು. ಬೈಯಲಿಲ್ಲ. ಒಂದೇ ಒಂದು ಮಾತು ಕೇಳಿದರು: "ನೀವೆಲ್ಲ ಓದಿದೋರು ಸ್ವಾಮಿ. ಮೇ ತಿಂಗಳಲ್ಲಿ ಮಳೆ ಬರ್ತದೆ ಅನ್ನೋದು ನಿಮಗ್ಯಾರಿಗೂ ಗೊತ್ತಿರಲಿಲ್ವಾ?"

ನನ್ನ ಬಳಿ ಉತ್ತರವಿರಲಿಲ್ಲ. ಗೊತ್ತಿತ್ತು. ಅಜ್ಜಿ ಕೇಳಿಯೂ ಇದ್ದರು. ನಾವು ಅವರಿಂದ "ಬಿಡ್ತು" ಅನ್ನಿಸಿದ್ದೆವು.

ಪ್ರಿಯರೇ, ಕೆಟ್ಟದ್ದರ ಹೆಸರೆತ್ತಿದರೆ ಕೆಟ್ಟದ್ದು ಬರುತ್ತದೆಂಬ ಅಂಜಿಕೆ ನಮ್ಮ ರಕ್ತದಲ್ಲಿಯೇ ಇದೆ. ಆದರೆ ಧರ್ಮಸಭೆ ಈ ಅಂಜಿಕೆಯನ್ನು ಒಪ್ಪುವುದಿಲ್ಲ. ಇದಕ್ಕೆ ಸಾಕ್ಷಿ ವಿವಾಹ ಸಂಸ್ಕಾರವೇ. ಬಲಿಪೀಠದ ಮುಂದೆ ವಧೂವರರು ಕೊಡುವ ಮಾತನ್ನು ನೆನಪಿಸಿಕೊಳ್ಳಿ. ಸುಖದ ಜೊತೆಗೆ ಕಷ್ಟವನ್ನೂ, ಆರೋಗ್ಯದ ಜೊತೆಗೆ ಕಾಯಿಲೆಯನ್ನೂ ಅವರು ಬಾಯಿಬಿಟ್ಟು ಹೆಸರಿಸುತ್ತಾರೆ. ಹೂವು, ದೀಪ, ಹೊಸ ಸೀರೆ, ಹಾಡುಗಳ ನಡುವೆ, ಬಂಧುಬಳಗವೆಲ್ಲ ಕೇಳುವಂತೆ ಹೆಸರಿಸುತ್ತಾರೆ. ಯಾರೂ ಅವರಿಗೆ "ಬಿಡ್ತು ಅನ್ನಿ" ಎನ್ನುವುದಿಲ್ಲ. ಯಾಕೆ? ಕೆಟ್ಟ ದಿನದ ಹೆಸರು ಹೇಳಿ, ಆ ದಿನವೂ ನಿನ್ನ ಜೊತೆಗಿರುತ್ತೇನೆ ಎಂದು ಮಾತು ಕೊಡುವುದೇ ಪ್ರೀತಿ. ಒಳ್ಳೆಯ ದಿನದಲ್ಲಿ ನಿಂತು ಕೆಟ್ಟ ದಿನಕ್ಕೆ ಮಾಡಿಕೊಳ್ಳುವ ಏರ್ಪಾಡೇ ವಿವಾಹದ ಪ್ರತಿಜ್ಞೆ. ಬಲಿಪೀಠದ ಮುಂದೆ ಇಷ್ಟು ಧೈರ್ಯವಾಗಿ ಮಾತನಾಡುವ ನಾವು ಚಪ್ಪರದ ಮಾತು ಬಂದಾಗ ಮಾತ್ರ ಮಳೆಯ ಹೆಸರೆತ್ತಲು ಹೆದರುವುದೇಕೆ?

ಯೇಸುಸ್ವಾಮಿಯ ಸಾಮತಿಗಳಲ್ಲಿ ಸಿದ್ಧತೆಯನ್ನು ಕುರಿತ ಅತಿ ಮುಖ್ಯವಾದ ಸಾಮತಿ ನಡೆಯುವುದು ಮದುವೆಯ ಮನೆಯಲ್ಲೇ. ಸಂತ ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯವನ್ನು ತೆರೆಯಿರಿ. ಹತ್ತು ಮಂದಿ ಕನ್ಯೆಯರು ದೀಪ ಹಿಡಿದು ಮದುವಣಿಗನಿಗಾಗಿ ಕಾಯುತ್ತಾರೆ. ಅವನು ಬರುವುದು ತಡವಾಗುತ್ತದೆ. ಹತ್ತು ಮಂದಿಗೂ ನಿದ್ದೆ ಬರುತ್ತದೆ. ನಿದ್ದೆ ಮಾಡಿದ್ದಕ್ಕೆ ಯಾರನ್ನೂ ದೂರಿಲ್ಲ. ದೀಪ ಹತ್ತು ಮಂದಿಯ ಕೈಯಲ್ಲೂ ಇತ್ತು. ಜಾಣೆಯರ ಬಳಿ ಹೆಚ್ಚಿಗೆ ಇದ್ದದ್ದು ಒಂದೊಂದು ಪಾತ್ರೆ ಎಣ್ಣೆ ಮಾತ್ರ. ಅಂದುಕೊಂಡ ಹೊತ್ತಿಗೆ ಅಂದುಕೊಂಡ ಹಾಗೆ ಆಗದಿದ್ದರೆ ಏನು ಮಾಡುವುದೆಂದು ಅವರು ಮನೆ ಬಿಡುವ ಮುನ್ನವೇ ಯೋಚಿಸಿದ್ದರು. ಆ ಯೋಚನೆಯನ್ನು ಸ್ವಾಮಿ ಅಪನಂಬಿಕೆ ಎನ್ನಲಿಲ್ಲ, ಜಾಣ್ಮೆ ಎಂದರು.

ಅದೇ ಶುಭಸಂದೇಶದ 7ನೆಯ ಅಧ್ಯಾಯದಲ್ಲಿ ಎರಡು ಮನೆಗಳಿವೆ. ಬಂಡೆಯ ಮೇಲೆ ಕಟ್ಟಿದ ಮನೆಗೂ ಮರಳಿನ ಮೇಲೆ ಕಟ್ಟಿದ ಮನೆಗೂ ಬಂದದ್ದು ಒಂದೇ ಮಳೆ, ಒಂದೇ ಪ್ರವಾಹ, ಒಂದೇ ಗಾಳಿ. ಜಾಣನ ಮನೆಗೆ ಮಳೆ ಬರುವುದಿಲ್ಲವೆಂದು ಸ್ವಾಮಿ ಎಲ್ಲಿಯೂ ಹೇಳಿಲ್ಲ. ಆದ್ದರಿಂದ ಮದುವೆಗೆ ಮಳೆ ಬಂತೆಂದರೆ ಅದು ಅಪಶಕುನವಲ್ಲ, ದೇವರ ಸಿಟ್ಟೂ ಅಲ್ಲ, ಸೊಸೆಯ ಕಾಲ್ಗುಣವಂತೂ ಖಂಡಿತ ಅಲ್ಲ. ಅದು ಮಳೆ.

"ದೇವರ ಮೇಲೆ ಭಾರ ಹಾಕಿದ್ದೇವೆ" ಎಂದು ಕೆಲವರು ಹೇಳಬಹುದು. ಭಾರ ಹಾಕುವುದಕ್ಕೂ ದೇವರನ್ನು ಪರೀಕ್ಷಿಸುವುದಕ್ಕೂ ಅಂತರವಿದೆ. ದೇವಾಲಯದ ಶಿಖರದಿಂದ ಧುಮುಕು, ದೂತರು ಎತ್ತಿಕೊಳ್ಳುತ್ತಾರೆ ಎಂದು ಸೈತಾನ ಹೇಳಿದಾಗ ಯೇಸುಸ್ವಾಮಿ ಧುಮುಕಲಿಲ್ಲ. ಕಾನಾ ಊರಿನ ಮದುವೆಯಲ್ಲಿ ಸ್ವಾಮಿ ಅದ್ಭುತ ಮಾಡಿದರು, ನಿಜ. ಆದರೆ ಮೊದಲು ಕೊರತೆಯನ್ನು ಕಂಡದ್ದು ಮರಿಯಮ್ಮ. ಮನೆಯವರನ್ನು ಮೂದಲಿಸದೆ, ನಾಲ್ಕು ಜನಕ್ಕೆ ಸಾರದೆ, ಹೇಳಬೇಕಾದವರಿಗೆ ಹೇಳಿದರು. ಆರು ಕಲ್ಲಿನ ಬಾನೆಗಳಿಗೆ, ಒಂದೊಂದಕ್ಕೆ ಸುಮಾರು ನೂರು ಲೀಟರಿನಷ್ಟು ನೀರನ್ನು ಹೊತ್ತು ಕಂಠಮಟ್ಟ ತುಂಬಿಸಿದ್ದು ಆಳುಗಳು. ಮನುಷ್ಯರು ಮಾಡಬಹುದಾದ ಕೆಲಸವನ್ನು ಸ್ವಾಮಿ ಮನುಷ್ಯರಿಂದಲೇ ಮಾಡಿಸಿದರು.

ಹಳೆಯ ಒಡಂಬಡಿಕೆಯ ಒಂದು ಪುಟ್ಟ ನಿಯಮವನ್ನೂ ಇಲ್ಲಿ ನೆನೆಯಬೇಕು. ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ, ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಕೈಪಿಡಿ ಗೋಡೆ ಕಟ್ಟಬೇಕೆಂದಿದೆ. ಕಟ್ಟದೆ ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಹೊಣೆ ಮನೆಯವನದು. ನಾವು ಕರೆದ ಅತಿಥಿಗಳಷ್ಟೇ ಅಲ್ಲ, ನಮ್ಮ ಸಂಭ್ರಮಕ್ಕಾಗಿ ಕೂಲಿಗೆ ಬಂದ ಹುಡುಗರೂ ನಮ್ಮ ಮಾಳಿಗೆಯ ಮೇಲೆ ನಿಂತವರೇ. ಆ ತಾಯಿಯ ಪ್ರಶ್ನೆ ಕೇಳಿದ ಮೇಲೆ ಈ ವಚನವನ್ನು ನಾನು ಹಿಂದಿನಂತೆ ಓದಲಾರೆ.

ಇದು ಒಂದೂರಿನ ಮಾತಲ್ಲ. 2019ರ ಜೂನ್‌ನಲ್ಲಿ ರಾಜಸ್ಥಾನದ ಬಾಡ್‌ಮೇರ್ ಜಿಲ್ಲೆಯಲ್ಲಿ ಧಾರ್ಮಿಕ ಪ್ರವಚನಕ್ಕಾಗಿ ಹಾಕಿದ್ದ ಪೆಂಡಾಲ್ ಗಾಳಿಮಳೆಗೆ ಕುಸಿದು ಹತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅದರೊಳಗೆ ಹರಿದ ವಿದ್ಯುತ್ತೂ ಪ್ರಾಣ ತೆಗೆಯಿತು. 2021ರ ಆಗಸ್ಟ್‌ನಲ್ಲಿ ಬಾಂಗ್ಲಾದೇಶದಲ್ಲಿ ಮದುವೆಯ ದಿಬ್ಬಣವೊಂದು ಮಳೆಯಿಂದ ತಪ್ಪಿಸಿಕೊಳ್ಳಲು ನದಿಯ ದಡದಲ್ಲಿ ನಿಂತಿದ್ದಾಗ ಸಿಡಿಲು ಬಡಿದು ಕನಿಷ್ಠ 16 ಮಂದಿ ಸತ್ತರು, ಮದುಮಗನೂ ಗಾಯಗೊಂಡ. ಮಡಿದವರ ಆತ್ಮಕ್ಕೆ ಶಾಂತಿ ಸಿಗಲೆಂದು ಬೇಡೋಣ. ಬದುಕಿರುವ ನಾವು ಪಾಠ ಕಲಿಯೋಣ.

ಹಾಗಾದರೆ ಮದುವೆ ಇಟ್ಟುಕೊಂಡ ಮನೆಯವರು ಏನು ಮಾಡಬೇಕು?

ಮೊದಲನೆಯದಾಗಿ, ಕಾಲವನ್ನು ಅರಿಯಬೇಕು. ತಪಸ್ಕಾಲದಲ್ಲೂ ಆಗಮನ ಕಾಲದಲ್ಲೂ ನಮ್ಮಲ್ಲಿ ಸಾಮಾನ್ಯವಾಗಿ ಮದುವೆಗಳನ್ನು ಇಟ್ಟುಕೊಳ್ಳುವುದಿಲ್ಲ. ಪಾಸ್ಖ ಹಬ್ಬ ಮುಗಿದ ಮೇಲೆ, ಮಕ್ಕಳ ರಜೆಯೂ ಕೂಡಿಬರುವ ಏಪ್ರಿಲ್–ಮೇ ತಿಂಗಳಲ್ಲಿ ಸಾಲುಸಾಲಾಗಿ ಮದುವೆಗಳು. ಮುಂಗಾರಿಗೆ ಮುನ್ನ ಗುಡುಗು, ಗಾಳಿ, ಆಲಿಕಲ್ಲು ಬರುವುದೂ ಅದೇ ತಿಂಗಳುಗಳಲ್ಲಿ. ಬೆಳಗಿನ ಬಿಸಿಲಿಗೆ ನೆಲ ಕಾದು ಮಧ್ಯಾಹ್ನದ ಮೇಲೆ ಮೋಡ ಕಟ್ಟುತ್ತದೆ. ಹೆಚ್ಚಿನ ಗುಡುಗುಮಳೆ ಬರುವುದು ಇಳಿಹೊತ್ತಿನಲ್ಲಿ. ಆದ್ದರಿಂದ ಬೆಳಗ್ಗೆ ಪೂಜೆ ಇಟ್ಟು ಎರಡು ಗಂಟೆಯೊಳಗೆ ಊಟ ಮುಗಿಸಿದರೆ ಅರ್ಧ ಅಪಾಯ ಕಳೆದಂತೆ. ವಿವಾಹ ಸಂಸ್ಕಾರದ ಬಗ್ಗೆ ಚಿಂತೆ ಬೇಡ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1118ನೆಯ ಕಟ್ಟಳೆಯಂತೆ ಕಥೋಲಿಕರ ಮದುವೆ ನಡೆಯಬೇಕಾದದ್ದು ಧರ್ಮಕೇಂದ್ರದ ದೇವಾಲಯದಲ್ಲಿ. ದೇವಾಲಯವಲ್ಲದ ಬೇರೆ ಸ್ಥಳಕ್ಕೆ ಧರ್ಮಾಧ್ಯಕ್ಷರ ಅನುಮತಿ ಬೇಕು. ಹೀಗೆ ಸಂಸ್ಕಾರ ಸೂರಿನ ಕೆಳಗೇ ಇರುತ್ತದೆ. ಬಯಲಿಗೆ ಬರುವುದು ಊಟ, ಹಾಡು, ಸಂಭ್ರಮ.

ಎರಡನೆಯದಾಗಿ, ಇನ್ನೊಂದು ಜಾಗವನ್ನು ಕೇಳಿ ಇಟ್ಟುಕೊಳ್ಳಬೇಕು. ಶಾಲೆಯ ಸಭಾಂಗಣವೋ, ಧರ್ಮಕೇಂದ್ರದ ಕೊಠಡಿಯೋ, ನೆರೆಮನೆಯ ಕಣಜದ ಕೋಣೆಯೋ ಆಗಲಿ. ಬೀಗದ ಕೈ ಹಿಂದಿನ ದಿನವೇ ನಿಮ್ಮ ಕೈಯಲ್ಲಿರಲಿ. ಒಳಗೆ ಹೋಗೋಣವೋ ಬೇಡವೋ ಎಂದು ತೀರ್ಮಾನಿಸುವವರು ಒಬ್ಬರೇ ಇರಲಿ. ಹುಡುಗಿಯ ತಂದೆಗೆ ಆ ಹೊಣೆ ಬೇಡ, ಅಂದು ಅವರ ತಲೆಯಲ್ಲಿ ನೂರು ಇರುತ್ತದೆ. ಸೋದರಮಾವನಿಗೋ ನಿಧಾನಸ್ಥನಾದ ಭಾವನಿಗೋ ವಹಿಸಿ. ಭಾರತೀಯ ಹವಾಮಾನ ಇಲಾಖೆಯ ಜಿಲ್ಲಾವಾರು ಎಚ್ಚರಿಕೆಯನ್ನು ಅವರು ಬೆಳಗ್ಗೆಯೇ ನೋಡಲಿ. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಿ ಎಂದರ್ಥ. ಮೋಡ ನೋಡಿ ಮಳೆ ಹೇಳುವ ತನ್ನ ಕಾಲದ ಜನರ ತಿಳಿವಳಿಕೆಯನ್ನು ಯೇಸುಸ್ವಾಮಿಯೂ ಒಪ್ಪಿಕೊಂಡಿದ್ದರು.

ಮೂರನೆಯದಾಗಿ, ಚಪ್ಪರದ ಭಾರ ತಿಳಿದಿರಬೇಕು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. 30 ಅಡಿಗೆ 60 ಅಡಿಯ ಶಾಮಿಯಾನದ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಮೂರು ಸಾವಿರ ಲೀಟರಿಗೂ ಹೆಚ್ಚು ನೀರಾಯಿತು. ಬಟ್ಟೆ ಜೋತುಬಿದ್ದು ನೀರು ನಿಂತರೆ, ಚಾಪೆಯಗಲ ಜಾಗದಲ್ಲಿ ನೂರಾರು ಕಿಲೋ ತಲೆಯ ಮೇಲೆ ತೂಗುತ್ತಿರುತ್ತದೆ. ಬಣ್ಣದ ಬಟ್ಟೆ ಬಿಸಿಲಿಗೆ ಸರಿ. ಮಳೆಗೆ ನೀರು ಸೋರದ ತಾಡಪಾಲು ಬೇಕು, ನಡುವೆ ಎತ್ತರವಿದ್ದು ಎರಡು ಕಡೆಗೂ ಇಳಿಜಾರಿರಬೇಕು. ಸುತ್ತ ಕಾಲುವೆ ತೋಡಿ ನೀರು ಹರಿದುಹೋಗಲು ದಾರಿ ಮಾಡಬೇಕು. ಮೊದಲು ಭದ್ರಪಡಿಸಬೇಕಾದದ್ದು ಅಡುಗೆಯ ಜಾಗವನ್ನು. ವೇದಿಕೆ ನೆನೆದರೆ ಫೋಟೋ ಕೆಡುತ್ತದೆ, ಒಲೆ ನೆನೆದರೆ ಇನ್ನೂರು ಜನ ಉಪವಾಸ. ಮಳೆಯಿಂದ ಊಟ ಉಳಿದರೆ ಹಳಸುವ ಮುನ್ನ ಎಲ್ಲಿಗೆ ಮುಟ್ಟಿಸುವುದೆಂದು ಮೊದಲೇ ಗೊತ್ತುಮಾಡಿಕೊಳ್ಳಿ.

ನಾಲ್ಕನೆಯದಾಗಿ, ಕರೆಂಟು ಮತ್ತು ಸಿಡಿಲು. ವೈರುಗಳು ನೆಲದ ಮೇಲೆ ಹರಿದಾಡಬಾರದು. ಕೆಲಸ ಬಲ್ಲ ಎಲೆಕ್ಟ್ರಿಷಿಯನ್ ಕೊನೆಯವರೆಗೂ ಅಲ್ಲಿಯೇ ಇರಬೇಕು. ಹನಿ ಬಿದ್ದ ಕೂಡಲೇ ಮೇನ್ ಆರಿಸುವುದು ಅವರ ಕೆಲಸ. ಆಮೇಲೆ ಯಾರೂ ಏಣಿ ಹತ್ತಬಾರದು. ದೀಪದ ಸರ ಹಾಳಾದರೆ ಹಾಳಾಗಲಿ. ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಲೆಕ್ಕ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ. ಆಗ ಚಪ್ಪರವೂ ಸಲ್ಲದು, ಮರದಡಿಯಂತೂ ಸಲ್ಲದು. ಗಟ್ಟಿ ಕಟ್ಟಡದೊಳಗೋ ಮುಚ್ಚಿದ ವಾಹನದೊಳಗೋ ಹೋಗಬೇಕು. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಹೊರಬರಬಾರದು. ಆ ಅರ್ಧ ಗಂಟೆಯಲ್ಲಿ ಜಪಸರ ಮಾಡಿ, ಹಾಡು ಹೇಳಿ, ಹಿರಿಯರಿಂದ ಅವರ ಮದುವೆಯ ಕಥೆ ಕೇಳಿ.

ಪ್ರಾರ್ಥನೆ ಬೇಡವೇ? ಬೇಕು. ಬಲಿಪೂಜೆಯ ಗ್ರಂಥದಲ್ಲೇ ಮಳೆಗಾಗಿ ಒಂದು ಪ್ರಾರ್ಥನೆ, ತಿಳಿಯಾದ ಆಕಾಶಕ್ಕಾಗಿ ಇನ್ನೊಂದು ಪ್ರಾರ್ಥನೆ ಇದೆ. ಸ್ಪೇನ್, ಫಿಲಿಪ್ಪೀನ್ಸ್ ದೇಶಗಳಲ್ಲಿ ಮದುವೆಯ ದಿನ ಮಳೆ ಬಾರದಿರಲೆಂದು ಸಂತ ಕ್ಲಾರಾಳ ಮಠಕ್ಕೆ ಮೊಟ್ಟೆಗಳನ್ನು ಕಾಣಿಕೆ ಕೊಡುವ ಪದ್ಧತಿಯಿದೆ. ಭಕ್ತಿಯಿಂದ ಮಾಡಿದರೆ ತಪ್ಪೇನಿಲ್ಲ. ಆದರೆ ಬೇಡುವಾಗ ನೆರೆಯವನ ಹೊಲವನ್ನೂ ನೆನೆಯೋಣ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ ನಮ್ಮ ರೈತರು. ಆ ಮಳೆ ಸುರಿಯುವುದು ಏಪ್ರಿಲ್ ಕೊನೆಯಲ್ಲಿ, ಮೇ ಮೊದಲಲ್ಲಿ, ನಮ್ಮ ಮದುವೆಗಳ ನಡುವೆಯೇ. ನಾವು "ಇವತ್ತೊಂದು ದಿನ ಬೇಡ ಸ್ವಾಮಿ" ಎನ್ನುವಾಗ ಬೇಲಿಯಾಚೆ ಒಬ್ಬ "ಇವತ್ತಾದರೂ ಬರಲಿ ಸ್ವಾಮಿ" ಎನ್ನುತ್ತಿರುತ್ತಾನೆ. ಸಜ್ಜನರ ಮೇಲೂ ದುರ್ಜನರ ಮೇಲೂ ಮಳೆ ಸುರಿಸುವ ತಂದೆ ಇಬ್ಬರ ಮಾತನ್ನೂ ಕೇಳುತ್ತಾರೆ. ಅವನಿಗೆ ಮಳೆಯೇ ಬಂದರೆ ಅವನ ಸಂತೋಷದಲ್ಲಿ ನಾವು ಪಾಲುಗೊಳ್ಳಬೇಕು. ಎಷ್ಟೆಂದರೂ ಆ ದಿನ ನಮ್ಮ ಎಲೆಯ ಮೇಲಿರುವ ಅನ್ನ ಅವನ ಹೊಲದ್ದು.

ಇನ್ನೊಂದು ಮದುವೆಯ ಮಾತು ಹೇಳಿ ಮುಗಿಸುತ್ತೇನೆ. 2019ರ ಮೇ ತಿಂಗಳು, ಬೇರೊಂದು ಧರ್ಮಕೇಂದ್ರ. ಹುಡುಗಿಯ ತಂದೆ ಗಾರೆ ಕೆಲಸದವರು. ಮದುವೆಯ ಪ್ರಕಟಣೆಗೆ ಹೆಸರು ಕೊಡಲು ಬಂದ ದಿನವೇ ಅವರಿಗೆ ನಾನು ಆ ಹುಡುಗನ ಕಥೆ ಹೇಳಿದೆ. ಅವರು ಶಾಲೆಯ ಸಭಾಂಗಣ ಕೇಳಿ ಬೀಗದ ಕೈ ತಂದಿಟ್ಟುಕೊಂಡರು, ನಾಲ್ಕು ತಾಡಪಾಲು ಬಾಡಿಗೆಗೆ ತಂದರು, ತಾವೇ ಹಾರೆ ಹಿಡಿದು ಚಪ್ಪರದ ಸುತ್ತ ಕಾಲುವೆ ತೋಡಿದರು. ಅಷ್ಟು ಹಣ ಹೊಂದಿಸಲು ವೇದಿಕೆಯ ಹೂವಿನ ಅಲಂಕಾರವನ್ನು ಕಡಿಮೆ ಮಾಡಿದರು. ಅಂದು ಏನಾಯಿತು ಗೊತ್ತೇ? ಒಂದು ಹನಿಯೂ ಬೀಳಲಿಲ್ಲ. ಸಂಜೆ ಬೀಗರೊಬ್ಬರು ನಗುತ್ತಾ, "ಸುಮ್ಮನೆ ದುಡ್ಡು ದಂಡ ಮಾಡಿದ್ರಲ್ಲ" ಎಂದರು. ಅವರು ಮಡಿಸಿಟ್ಟ ತಾಡಪಾಲಿನ ಮೇಲೆ ಕೈಯಿಟ್ಟು ಹೇಳಿದರು: "ದಂಡ ಏನಾಯ್ತು? ಇವತ್ತು ಒಂದ್ಸಲಾನೂ ನಾನು ಮೇಲೆ ನೋಡ್ಲಿಲ್ಲ. ಮಗಳ ಮುಖಾನೇ ನೋಡ್ತಿದ್ದೆ."

ಜಾಣೆಯರ ಎಣ್ಣೆಯ ಅರ್ಥ ನನಗೆ ಪೂರ್ತಿಯಾಗಿ ತಿಳಿದದ್ದು ಅಂದು. ಕೆಟ್ಟದ್ದಕ್ಕೆ ಸಿದ್ಧನಾದವನು ಕೆಟ್ಟದ್ದನ್ನೇ ನೆನೆಯುತ್ತಾ ಕೂರುವುದಿಲ್ಲ. ಒಳ್ಳೆಯದನ್ನು ಕಣ್ತುಂಬ ನೋಡುವ ಬಿಡುವು ಅವನಿಗೆ ಸಿಗುತ್ತದೆ.

ಮದುವೆಯಾಗಲಿರುವ ಯುವಕ ಯುವತಿಯರೇ, ಈ ಮಾತು ಚಪ್ಪರದಲ್ಲಿಗೇ ನಿಲ್ಲುವುದಿಲ್ಲ. ಮದುವೆಯ ದಿನದ ಮಳೆ ಒಂದು ಗಂಟೆಯದು. ಕೆಲಸ ಹೋಗುವುದು, ಸಾಲ ಏರುವುದು, ಮಗುವಾಗದಿರುವುದು, ಅತ್ತೆಯೋ ತಾಯಿಯೋ ಹಾಸಿಗೆ ಹಿಡಿಯುವುದು, ಒಬ್ಬರು ಕುಡಿತಕ್ಕೆ ಬೀಳುವುದು, ಇವು ವರ್ಷಗಟ್ಟಲೆ ಸುರಿಯುವ ಮಳೆಗಳು. ಇವುಗಳ ಬಗ್ಗೆ ಮದುವೆಗೆ ಮುನ್ನ ಒಂದು ಸಂಜೆ ಕುಳಿತು ಮಾತನಾಡಿದ್ದೀರಾ? ಹಾಗಾದರೆ ಏನು ಮಾಡೋಣ, ಯಾರ ಬಳಿ ಹೋಗೋಣ, ನಮ್ಮ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿಕೊಂಡಿದ್ದೀರಾ? ಕೇಳಿಕೊಳ್ಳಿ. ಅಪಶಕುನವೆಂದು ಹೆದರಬೇಡಿ. ಮನೆಯ ಹಿರಿಯರೇ, ಅಜ್ಜಿಯೋ ಮೊಮ್ಮಗಳೋ "ಮಳೆ ಬಂದರೆ?" ಎಂದು ಕೇಳಿದಾಗ ಅವರ ಬಾಯಿ ಮುಚ್ಚಿಸಬೇಡಿ. ಕಾನಾ ಊರಿನಲ್ಲಿ ಕೊರತೆಯನ್ನು ಮೊದಲು ಕಂಡ ತಾಯಿಯ ದನಿ ಅದಾಗಿರಬಹುದು.

ಪ್ರಾರ್ಥಿಸೋಣ: ಬಿಸಿಲನ್ನೂ ಮಳೆಯನ್ನೂ ಕೊಡುವ ತಂದೆಯೇ, ಈ ವರ್ಷ ವಿವಾಹ ಬಂಧನಕ್ಕೆ ಒಳಗಾಗುವ ನಮ್ಮ ಮಕ್ಕಳನ್ನು ಹರಸಿರಿ. ಬರುವುದನ್ನು ಮುಂಗಾಣುವ ಕಣ್ಣನ್ನೂ, ಬಂದದ್ದನ್ನು ಒಟ್ಟಾಗಿ ಎದುರಿಸುವ ಮನಸ್ಸನ್ನೂ ಅವರಿಗೆ ಕೊಡಿರಿ. ಅವರ ಸಂಭ್ರಮಕ್ಕಾಗಿ ದುಡಿಯುವ ಪ್ರತಿಯೊಂದು ಕೈಯನ್ನೂ ಕಾಪಾಡಿರಿ. ನಮ್ಮ ಪ್ರಭು ಕ್ರಿಸ್ತರ ಮುಖಾಂತರ ಬೇಡುತ್ತೇವೆ. ಆಮೆನ್.